ಮೆಥನಾಲ್‌ನಲ್ಲಿ ಶಕ್ತಿ ಅರ್ಧ, ಆದ್ರೂ ರೇಸ್ ಇಂಜಿನ್‌ಗೆ ಪವರ್ ಜಾಸ್ತಿ ಬರೋದು ಹೆಂಗೆ?

ಹಾಸನದ ಟೂಸ್ಟ್ರೋಕ್

ಎಲ್ರಿಗೂ ನಮಸ್ಕಾರ. ಒಂದು ವಿಷ್ಯ ತಲೇಲಿ ಕೂತ್ಬಿಟ್ಟಿದೆ, ಹೋಗ್ತಾನೇ ಇಲ್ಲ. ಸ್ವಲ್ಪ ದಿನದಿಂದ ಅಮೆರಿಕದ ಸ್ಪ್ರಿಂಟ್ ಕಾರ್ ವಿಡಿಯೋಗಳ ಹಿಂದೆ ಬಿದ್ದಿದೀನಿ, ಮಣ್ಣಿನ ಟ್ರ್ಯಾಕಲ್ಲಿ ತಲೆ ಮೇಲೆ ದೊಡ್ಡ ರೆಕ್ಕೆ ಕಟ್ಕೊಂಡು ಅಡ್ಡಡ್ಡ ಜಾರ್ಕೊಂಡು ಓಡ್ತಾವಲ್ಲ, ಅವು. ಅದಕ್ಕೆ ಪೆಟ್ರೋಲ್ ಹಾಕಲ್ವಂತೆ, ಪೂರ್ತಿ ಮೆಥನಾಲ್. 410 ಕ್ಯೂಬಿಕ್ ಇಂಚು ವಿ8, ಅಂದ್ರೆ 6.7 ಲೀಟರ್, ಟರ್ಬೋ ಇಲ್ಲ ಸೂಪರ್‌ಚಾರ್ಜರ್ ಇಲ್ಲ, 900 ಎಚ್‌ಪಿ ಹತ್ರ ಬರುತ್ತೆ.

ಸರಿ ಅಂತ ಹುಡುಕ್ಕೊಂಡು ಹೋದ್ರೆ ಪೆಟ್ರೋಲಲ್ಲಿ ಕೆಜಿಗೆ 43-44 ಮೆಗಾಜೌಲ್ ಶಕ್ತಿ, ಮೆಥನಾಲಲ್ಲಿ ಬರೀ 20. ಅರ್ಧಕ್ಕಿಂತ ಕಮ್ಮಿ! ಮತ್ತೆ ಪವರ್ ಎಲ್ಲಿಂದ ಬಂತು ಸ್ವಾಮಿ?

ಇನ್ನೊಂದು ವಿಷ್ಯ, ನಿಜ ಹೇಳ್ಬೇಕಂದ್ರೆ ಕೇಳ್ತಿರೋದೇ ಇದಕ್ಕೆ. ನನ್ ಹತ್ರ ಒಂದು ಯಮಹಾ ಟೂ ಸ್ಟ್ರೋಕ್ ಬೈಕು, ಆರ್‌ಎಕ್ಸ್ 135 ಇದೆ, ಪೋರ್ಟಿಂಗ್ (ಸಿಲಿಂಡರಿನ ಗಾಳಿ-ಹೊಗೆ ದಾರಿ ಕೊರೆದು ದೊಡ್ಡದು ಮಾಡೋದು) ಮಾಡ್ಸಿದೀನಿ, ರೋಡಿಗೆ ಇಳ್ಸಲ್ಲ, ಡ್ರ್ಯಾಗ್‌ಗೆ (ನೇರ ದಾರಿ ರೇಸಿಗೆ) ಮಾತ್ರ. ಗ್ಯಾರೇಜಲ್ಲಿ ಒಬ್ರು "ಮೆಥನಾಲ್ ಹಾಕು, ಮೇನ್ ಜೆಟ್ (ಕಾರ್ಬುರೇಟರಲ್ಲಿ ಇಂಧನ ಬಿಡೋ ತೂತು) ದೊಡ್ಡದು ಮಾಡು, ಬೇರೇನೂ ಬೇಡ, ಗಾಡಿ ಹಾರುತ್ತೆ" ಅಂದ್ರು. ನಿಜಾನಾ? ತಿಳಿದೋರು ಹೇಳಿ, ಬೈಯೋದಿದ್ರೆ ಆಮೇಲೆ ಬೈರಿ.

ಉಷ್ಣಶಾಸ್ತ್ರದ ಮೇಷ್ಟ್ರು

ನೀವು ಲೆಕ್ಕ ಶುರು ಮಾಡಿದ್ದೇ ಇಂಧನದ ಕಡೆಯಿಂದ, ಅಲ್ಲೇ ಗಂಟು ಬಿದ್ದಿರೋದು. ಇಂಜಿನ್‌ಗೆ ಇಂಧನ ಎಷ್ಟು ಬೇಕಾದ್ರೂ ಸುರೀಬಹುದು, ಅದಕ್ಕೇನು ಬರ ಇಲ್ಲ. ಬರ ಇರೋದು ಗಾಳಿಗೆ. ಸಿಲಿಂಡರ್ ಒಂದು ಸಲ ಬಾಯಿ ತೆಗೆದಾಗ ಎಷ್ಟು ಗಾಳಿ ಒಳಗೆ ಹೋಗುತ್ತೋ ಅಷ್ಟೇ ಆಮ್ಲಜನಕ, ಆ ಗಾಳಿಗೆ ಯಾವ ಇಂಧನ ಎಷ್ಟು ಶಕ್ತಿ ಕೊಡುತ್ತೆ ಅಂತ ಕೇಳ್ಬೇಕು.

1 ಕೆಜಿ ಗಾಳಿ ತಗೊಳ್ಳಿ. ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಕೆಜಿ ಗಾಳಿಗೆ 1 ಕೆಜಿ ಬೇಕು, ಅಂದ್ರೆ ನಿಮ್ಮ 1 ಕೆಜಿ ಗಾಳಿಗೆ 68 ಗ್ರಾಂ, ಅದ್ರಿಂದ ಹತ್ತಿರ ಹತ್ತಿರ 3 ಮೆಗಾಜೌಲ್. ಮೆಥನಾಲ್ ತನ್ನ ಅಣುವಲ್ಲೇ ಆಮ್ಲಜನಕ ಹೊತ್ಕೊಂಡು ಬರೋದ್ರಿಂದ ಅದಕ್ಕೆ 6.5 ಕೆಜಿ ಗಾಳಿ ಸಾಕು. ಹಾಗಾಗಿ ಅದೇ 1 ಕೆಜಿ ಗಾಳಿಗೆ ಸುಮಾರು 155 ಗ್ರಾಂ ಸುಡಬಹುದು, ಗುಣಿಸಿ ನೋಡಿ, 3.1 ಮೆಗಾಜೌಲ್. ಪೆಟ್ರೋಲಿಗಿಂತ ಒಂದು 5 ಪರ್ಸೆಂಟ್ ಜಾಸ್ತೀನೇ ಬಂತು. ಎಥನಾಲ್ ಹಾಕಿದ್ರೆ 9ಕ್ಕೆ 1, ಅದರ ಲೆಕ್ಕ ಹೆಚ್ಚೂಕಮ್ಮಿ ಪೆಟ್ರೋಲಿಗೆ ಸಮ.

ಆದ್ರೆ ಈ 5 ಪರ್ಸೆಂಟಿಗೋಸ್ಕರ ಯಾರೂ ಇಷ್ಟು ತಾಪತ್ರಯ ಪಡಲ್ಲ. ಅಸಲಿ ವಿಷಯ ತಂಪು. ಇಂಜೆಕ್ಷನ್ ಕೊಡೋ ಮುಂಚೆ ನರ್ಸ್ ಸ್ಪಿರಿಟ್ ಹತ್ತಿ ಒರೆಸಿದಾಗ ತೋಳು ಜಿಲ್ ಅನ್ನುತ್ತಲ್ಲ, ಇಂಟೇಕಲ್ಲಿ ಆಗೋದು ಅದೇ. 1 ಕೆಜಿ ಮೆಥನಾಲ್ ಆವಿ ಆಗೋಕೆ 1100 ಕಿಲೋಜೌಲ್ ಆಸುಪಾಸು ಶಾಖ ಬೇಕು, ಪೆಟ್ರೋಲಿಗೆ ಅದರ ಮೂರನೇ ಒಂದು ಭಾಗ ಸಾಕು. ಅದೂ ಅಲ್ದೆ ಮೆಥನಾಲ್ ಎರಡು ಪಟ್ಟಿಗಿಂತ ಜಾಸ್ತಿ ಸುರೀತಿದೀರಿ, ಎರಡೂ ಸೇರಿಸಿದ್ರೆ ಅದೇ ಗಾಳಿಯಿಂದ ಏಳು ಪಟ್ಟು ಶಾಖ ಎಳೀತು ಅಂತಾಯ್ತು. ಕಾಗದದ ಮೇಲೆ ಲೆಕ್ಕ ಹಾಕಿದ್ರೆ ಗಾಳಿ 150 ಡಿಗ್ರಿ ಮೇಲೆ ತಣ್ಣಗಾಗ್ಬೇಕು, ನಿಜವಾಗ್ಲೂ ಅಷ್ಟಾಗಲ್ಲ, ಯಾಕಂದ್ರೆ ಅಷ್ಟೂ ಆವಿಯಾಗೋ ಮುಂಚೆ ಸಿಲಿಂಡರ್ ಒಳಗೆ ಹೋಗಿರುತ್ತೆ. ಆದ್ರೂ ಮೆಥನಾಲ್ ಇಂಜಿನ್‌ಗಳ ಇಂಟೇಕ್ ಮೇಲೆ ಹೊರಗಡೆಯಿಂದ ಹಿಮ ಕಟ್ಟೋದುಂಟು. ತಂಪಾದ ಗಾಳಿ ಸಾಂದ್ರ, ಅಂದ್ರೆ ಅದೇ ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬುತ್ತೆ. ಆಕ್ಟೇನ್ (ತಾನೇ ಸಿಡಿಯದೆ ಒತ್ತಡ ತಡೆಯೋ ಗುಣ) ಬೇರೆ 108-109ರ ಹತ್ತಿರ, ಹಾಗಾಗಿ ಕಂಪ್ರೆಷನ್ (ಮಿಶ್ರಣವನ್ನ ಅದುಮೋ ಪ್ರಮಾಣ) ಏರಿಸಿದ್ರೂ ನಾಕಿಂಗ್, ಅಂದ್ರೆ ಮಿಶ್ರಣ ತಾನಾಗೇ ಸಿಡಿದು ಬಡಿಯೋದು, ಬರಲ್ಲ. ಸ್ಪೀಡ್‌ವೇ ಬೈಕ್ ಗೊತ್ತಲ್ಲ, 500 ಸಿಸಿ ಒಂದೇ ಸಿಲಿಂಡರ್, ಬ್ರೇಕೇ ಇಲ್ಲ, ಅವೂ ಮೆಥನಾಲಲ್ಲೇ ಓಡೋದು, ಪೆಟ್ರೋಲ್ ಇಂಜಿನ್‌ಗೆ ಕನಸಲ್ಲೂ ಕೊಡೋಕಾಗದ ಕಂಪ್ರೆಷನ್ ಅವಕ್ಕೆ ಕೊಟ್ಟಿರ್ತಾರೆ.

ನಿಮ್ಮ ಗ್ಯಾರೇಜಿನೋರು ಹೇಳಿದ ಹಾಗೆ ಬರೀ ಜೆಟ್ ಬದಲಾಯಿಸಿ, ಕಂಪ್ರೆಷನ್ ನಿರ್ಧರಿಸೋ ಸಿಲಿಂಡರ್ ಹೆಡ್ ಹಾಗೇ ಬಿಟ್ರೆ ಇದ್ರಲ್ಲಿ ಮುಕ್ಕಾಲು ಲಾಭ ಕೈಗೆ ಬರಲ್ಲ.

ಹಾಸನದ ಟೂಸ್ಟ್ರೋಕ್

ಮೇಷ್ಟ್ರೇ ಸೂಪರ್, ಕಾಲೇಜಲ್ಲಿ ಹಿಂಗೆ ಹೇಳಿದ್ರೆ ನಾನೂ ಪಾಸಾಗ್ತಿದ್ದೆ. ಆದ್ರೆ ಒಂದು ಡೌಟು. ಈಗ ಬಂಕಲ್ಲಿ ಹಾಕೋ ಇ20ಯಲ್ಲೂ ಎಥನಾಲ್ ಇದೆ, ಹಂಗಾದ್ರೆ ಅದ್ರಲ್ಲೂ ಪವರ್ ಬರ್ಬೇಕಲ್ವಾ, ಎಲ್ರೂ ಮೈಲೇಜ್ ಹೋಯ್ತು ಅಂತ ಯಾಕೆ ಬಾಯ್ ಬಡ್ಕೋತಾರೆ?

ಉಷ್ಣಶಾಸ್ತ್ರದ ಮೇಷ್ಟ್ರು

ಮೈಲೇಜ್ ಹೋಗೋದು ಸಹಜ, ಲೀಟರ್ ಲೆಕ್ಕದಲ್ಲಿ ಎಥನಾಲಲ್ಲಿ ಶಕ್ತಿ ಮೂರನೇ ಒಂದು ಭಾಗ ಕಮ್ಮಿ, ಅದರ ಐದನೇ ಒಂದು ಭಾಗ ಬೆರೆಸಿದ್ರೆ 6-7 ಪರ್ಸೆಂಟ್ ಕಮ್ಮಿ ಅಂತಾಯ್ತು. ಆಕ್ಟೇನ್ ಏರಿದ್ದರ ಲಾಭ ಬೇಕಂದ್ರೆ ಇಂಜಿನ್ ಕಂಪ್ರೆಷನ್ನೋ ಇಗ್ನಿಷನ್ ಟೈಮಿಂಗೋ ಅದಕ್ಕೆ ತಕ್ಕ ಹಾಗೆ ಮಾಡಿರ್ಬೇಕು. ಹಳೇ ಗಾಡಿಗೆ ಅದು ಗೊತ್ತೇ ಆಗಲ್ಲ. ಇಲ್ಲಿಗೆ ನಿಲ್ಲಿಸ್ತೀನಿ, ಇ20 ವಿಷಯ ತೆಗೆದ್ರೆ ಈ ಚರ್ಚೆ ಹಳಿ ತಪ್ಪುತ್ತೆ.

ಹುಬ್ಬಳ್ಳಿ ಕಾರ್ಬುರೇಟರ್

ನೋಡ್ ತಮ್ಮಾ, ಜೆಟ್ ಒಂದ್ ದೊಡ್ಡದ್ ಮಾಡಿದ್ರ ಆತು ಅಂದವ್ರಿಗೆ ದೂರದಿಂದ ಕೈ ಮುಗದ್ ಬಿಡು.

ಮೇಷ್ಟ್ರು ಹೇಳಿದ ಲೆಕ್ಕದಾಗ ಅಳತಿ ಪ್ರಕಾರ ಪೆಟ್ರೋಲಿಗಿಂತ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚ ಮೆಥನಾಲ್ ಹೋಗ್ಬೇಕು. ಅಂದ್ರ ಮೇನ್ ಜೆಟ್ ತೂತು ಸುಮಾರು ಒಂದೂವರಿ ಪಟ್ಟ ಅಗಲ ಆಗ್ಬೇಕು. ಅಷ್ಟಕ್ಕ ಮುಗೀಲಿಲ್ಲ, ಪೈಲಟ್ ಜೆಟ್, ನೀಡಲ್ ಜೆಟ್, ಫ್ಲೋಟ್ ವಾಲ್ವಿನ ಸೀಟು, ಟ್ಯಾಂಕಿನ ಕಾಕು, ಪೈಪು, ಎಲ್ಲಾದ್ರಾಗೂ ಅಷ್ಟು ಹರೀಬೇಕು. ಮೇನ್ ಜೆಟ್ ದೊಡ್ಡದ್ ಮಾಡಿ ಕಾಕ್ ಹಳೇದ ಇಟ್ಟಿ ಅಂದ್ರ ಅರ್ಧ ಡ್ರ್ಯಾಗ್ ಹೋಗೋದ್ರಾಗ ಫ್ಲೋಟ್ ಬೌಲ್ ಖಾಲಿ, ಗಾಡಿ ಲೀನ್ ಆಗ್ತೈತಿ (ಗಾಳಿ ಹೆಚ್ಚ, ಇಂಧನ ಕಮ್ಮಿ), ಪಿಸ್ಟನ್ ನಡಬರಕ ತೂತು. ನಾಕ್ ಆಗಂಗಿಲ್ಲ ಅಂತ ಮೇಷ್ಟ್ರು ಹೇಳ್ಯಾರ, ಖರೇನ ಐತಿ, ಆದ್ರ ಅದ ದೊಡ್ಡ ಮೋಸ ನೋಡು. ಪೆಟ್ರೋಲ್ ಲೀನ್ ಆದ್ರ ಟಿಣಿಟಿಣಿ ಅಂತ ಸಪ್ಪಳ ಮಾಡಿ ಹೇಳ್ತೈತಿ. ಮೆಥನಾಲ್ ಏನೂ ಹೇಳಂಗಿಲ್ಲ. ಪ್ಲಗ್ಗಿನ ತುದೀನೋ ಕಾರ್ಬನ್ ತುಣುಕೋ ಕೆಂಪಗ ಕಾದಿತ್ತು ಅಂದ್ರ ಸ್ಪಾರ್ಕ್ ಬರೋಕಿನ ಮೊದ್ಲ ಹತ್ಕೊಂಡ್ ಬಿಡ್ತೈತಿ, ಪ್ರಿ-ಇಗ್ನಿಷನ್ ಅಂತಾರಲ್ಲ ಅದು. ಅದಕ್ಕ ಕೋಲ್ಡ್ ಪ್ಲಗ್ (ಬೇಗ ಶಾಖ ಬಿಡೋ ಪ್ಲಗ್) ಹಾಕ್ಬೇಕು, ಜೆಟ್ಟಿಂಗ್ ಯಾವಾಗ್ಲೂ ರಿಚ್ (ಇಂಧನ ಹೆಚ್ಚ) ಕಡಿಂದ ಇಳಿಸ್ಕೋತ ಬರ್ಬೇಕು. ರಿಚ್ ಆದ್ರ ಮೆಥನಾಲ್ ಭಾಳ ತಡಕೋತೈತಿ, ಪವರ್ ಅಷ್ಟೇನು ಬೀಳಂಗಿಲ್ಲ, ಅದೊಂದು ಪುಣ್ಯ.

ಎರಡನೇದು, ನಿಂದು ಟೂ ಸ್ಟ್ರೋಕ್. ಇದು ಯಾರೂ ಹೇಳಂಗಿಲ್ಲ ನೋಡು. ನಮ್ಮ ಅಂಗಡ್ಯಾಗ ಸಿಗೋ ಮಾಮೂಲಿ 2ಟಿ ಆಯಿಲ್ (ಟೂ ಸ್ಟ್ರೋಕಿಗೆ ಇಂಧನದ ಜೊತಿ ಹೋಗೋ ಎಣ್ಣಿ) ಮೆಥನಾಲಿನ್ಯಾಗ ಕರಗಂಗಿಲ್ಲ. ಬಾಟಲಿಯಾಗ ಹಾಕಿ ಅಲಗಾಡ್ಸಿ ಇಟ್ಟ ನೋಡು, ಸ್ವಲ್ಪ ಹೊತ್ತಿಗೆ ಎಣ್ಣಿ ಬ್ಯಾರೆ, ಮೆಥನಾಲ್ ಬ್ಯಾರೆ. ಕ್ರ್ಯಾಂಕ್ ಬೇರಿಂಗಿಗೆ ಬರೇ ಮೆಥನಾಲ್ ಹೋತು ಅಂದ್ರ ಇಂಜಿನ್ ಜಾಮ್. ಅದಕ್ಕ ಹರಳೆಣ್ಣಿ ಬೇಕು. ಹೌದು, ಅಜ್ಜಿ ಕುಡಿಸ್ತಿದ್ಲಲ್ಲ ಅದ. ಅದು ಪೆಟ್ರೋಲಿನ್ಯಾಗ ಸರಿ ಬೆರಿಯಂಗಿಲ್ಲ, ಮೆಥನಾಲಿನ್ಯಾಗ ಚೊಲೋ ಕರಗತೈತಿ. ಆದ್ರ ಕಿರಾಣಿ ಅಂಗಡಿದು ತಂದ್ ಹಾಕ್ಬ್ಯಾಡ, ರೇಸಿಂಗಿಗೆ ಅಂತ ಅಂಟು ತಗದಿದ್ದ ಬ್ಯಾರೆ ಬರ್ತೈತಿ. ಅದೂ ಸುಟ್ಟು ವಾರ್ನಿಷ್ ಆಗಿ ರಿಂಗ್ ಹಿಡಿತೈತಿ, ಅವಾಗಾವಾಗ ಬಿಚ್ಚಿ ಸ್ವಚ್ಛ ಮಾಡ್ಕೋತ ಇರ್ಬೇಕು.

ಮೂರನೇದು ಚೇಂಬರ್, ಅಂದ್ರ ನಡು ಉಬ್ಬಿದ ಎಕ್ಸಾಸ್ಟ್ ಪೈಪು. ಟೂ ಸ್ಟ್ರೋಕ್ ಪವರ್ ಅರ್ಧ ಚೇಂಬರಿನ್ಯಾಗ ಐತಿ ಅಂತ ನಿನಗ ಗೊತ್ತೈತಿ. ಮೆಥನಾಲ್ ಹಾಕಿದ್ರ ಎಕ್ಸಾಸ್ಟ್ ತಣ್ಣಗ ಬರ್ತೈತಿ, ತಣ್ಣಗಿನ ಗ್ಯಾಸಿನ್ಯಾಗ ಶಬ್ದದ ಅಲಿ ನಿಧಾನ ಓಡತೈತಿ, ವಾಪಸ್ ಬರೋ ಅಲಿ ಲೇಟಾಗಿ ಬರ್ತೈತಿ, ಅಂದ್ರ ನಿನ್ನ ಪವರ್ ಬ್ಯಾಂಡ್ ಕೆಳಗಿನ ಆರ್‌ಪಿಎಂಗೆ ಜಾರ್ತೈತಿ. ಹೆಡ್ಡರ್ ಪೈಪ್ ಗಿಡ್ಡ ಮಾಡ್ಬೇಕಾಗತೈತಿ. ಇದನ್ನ ಮಾಡಲಾರ್ದ "ಮೆಥನಾಲ್ ಹಾಕಿದ್ಮ್ಯಾಲ ಗಾಡಿ ಮೊದಲಿನಕಿಂತ ಡಲ್ ಆತು" ಅನ್ನೋ ಹುಡುಗ್ರು ಭಾಳ ಮಂದಿ ಅದಾರ.

ಇಂಡಿಯಾನಾದ ಕನ್ನಡಿಗ

ನಾನಿರೋದು ಇಂಡಿಯಾನಾಪೊಲಿಸ್ ಹತ್ರ, ಮೇ ತಿಂಗಳು ಬಂದ್ರೆ ಊರಿಗೂರೇ ರೇಸ್ ಜ್ವರ. ಸ್ಪ್ರಿಂಟ್ ಕಾರ್ ನೋಡೋಕೆ ಹೋದ್ರೆ ಮೊದಲು ಕಣ್ಣು ಉರಿಯುತ್ತೆ, ಆ ಹೊಗೆಯ ವಾಸನೆ ಪೆಟ್ರೋಲ್ ತರ ಅಲ್ವೇ ಅಲ್ಲ. ಅವಕ್ಕೆ ಸ್ಟಾರ್ಟರ್ ಮೋಟರ್ ಇಲ್ಲ, ಹಿಂದಿಂದ ಒಂದು ಟ್ರಕ್ ತಳ್ಳಿ ಸ್ಟಾರ್ಟ್ ಮಾಡ್ತಾರೆ. ಚಳೀಲಿ ಮೆಥನಾಲ್ ಇಂಜಿನ್ ಎಬ್ಬಿಸೋದು ಒಂದು ಗೋಳು, 11-12 ಡಿಗ್ರಿಗಿಂತ ಕೆಳಗೆ ಬೆಂಕಿ ಹತ್ತೋವಷ್ಟು ಆವೀನೇ ಏಳಲ್ಲ.

ಆದ್ರೆ ನಾನು ಹೇಳೋಕೆ ಬಂದಿದ್ದು ಬೆಂಕಿ ಬಗ್ಗೆ. 1964ರ ಇಂಡಿ 500 (ಇಲ್ಲಿನ 500 ಮೈಲಿ ಕಾರ್ ರೇಸ್), ಎರಡನೇ ಲ್ಯಾಪಲ್ಲೇ ಡೇವ್ ಮ್ಯಾಕ್‌ಡೊನಾಲ್ಡ್ ಕಾರು ಒಳಗಡೆ ಗೋಡೆಗೆ ಹೊಡೆದು, ಬೆಂಕಿ ಹತ್ಕೊಂಡು ಟ್ರ್ಯಾಕಿಗೇ ವಾಪಸ್ ಬಂತು, ಎಡ್ಡಿ ಸ್ಯಾಕ್ಸ್ ಬಂದು ಅದಕ್ಕೆ ಗುದ್ದಿದ್ರು. ಇಬ್ರೂ ಉಳೀಲಿಲ್ಲ. ಕಾರಲ್ಲಿದ್ದಿದ್ದು ಪೆಟ್ರೋಲ್, ಕಪ್ಪು ಹೊಗೆ ಮೋಡದ ತರ ಎದ್ದಿರೋ ಫೋಟೋಗಳು ಈಗ್ಲೂ ಸಿಗುತ್ತೆ. ಅದಾದ್ಮೇಲೆ ರೂಲ್ಸ್ ಬದಲಾಗಿ 1965ರಿಂದ ಅಲ್ಲಿ ಮೆಥನಾಲೇ ಗಟ್ಟಿಯಾಯ್ತು. ಪವರ್‌ಗೋಸ್ಕರ ಅದಕ್ಕೂ ಮುಂಚೆಯಿಂದ ಹಾಕೋರು ಇದ್ರು, ಆದ್ರೆ ಎಲ್ರನ್ನೂ ಆ ಕಡೆ ತಳ್ಳಿದ್ದು ಆ ಬೆಂಕಿ. ಮೆಥನಾಲ್ ಬೆಂಕಿ ನೀರು ಹಾಕಿದ್ರೆ ಆರುತ್ತೆ, ಯಾಕಂದ್ರೆ ನೀರಲ್ಲಿ ಬೆರೆತು ಹೋಗುತ್ತೆ. ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತೆ. ಪಿಟ್‌ಗಳಲ್ಲಿ ಇಂಧನ ತುಂಬಿಸಿದ ತಕ್ಷಣ ಟ್ಯಾಂಕಿನ ಬಾಯಿಗೆ ನೀರು ಹೊಡೀತಿದ್ರಲ್ಲ, ಅದಕ್ಕೇ.

ಇದರ ಇನ್ನೊಂದು ಮುಖ 1981ರಲ್ಲಿ ಕಂಡಿತು, ಅಥವಾ ಕಾಣಲಿಲ್ಲ ಅನ್ನಿ. ರೇಸರ್ ರಿಕ್ ಮಿಯರ್ಸ್ ಇಂಡಿ 500ರಲ್ಲಿ ಪಿಟ್ ಸ್ಟಾಪಿಗೆ ಬಂದಾಗ ಹೋಸಿಂದ ಮೆಥನಾಲ್ ಚೆಲ್ಲಿ ಬೆಂಕಿ ಹತ್ಕೊಳ್ತು. ಮೆಥನಾಲ್ ಉರಿ ಹಗಲು ಬೆಳಕಲ್ಲಿ ಕಾಣಲ್ಲ, ಹೊಗೇನೂ ಇಲ್ಲ. ಆ ವಿಡಿಯೋ ನೋಡಿ, ಸುಮ್ಮನೆ ನಿಂತಿದ್ದ ಜನ ಇದ್ದಕ್ಕಿದ್ದಂಗೆ ಕೈಕಾಲು ಬಡ್ಕೊಂಡು ಓಡ್ತಿರೋ ತರ ಕಾಣುತ್ತೆ, ಜ್ವಾಲೆ ಎಲ್ಲೂ ಇಲ್ಲ. ಮುಖ ಸುಟ್ಟು ಪ್ಲಾಸ್ಟಿಕ್ ಸರ್ಜರಿ ಮಾಡಿಸ್ಕೋಬೇಕಾಯ್ತು ಅವರು. ಆಮೇಲೂ ಬಂದು ಮೂರು ಸಲ ಇಂಡಿ ಗೆದ್ರು, ಆ ಮನುಷ್ಯನೇ ಬೇರೆ.

ಈಗ ಆ ರೇಸಲ್ಲಿ ಓಡೋ ಇಂಡಿಕಾರ್‌ಗಳಲ್ಲಿ ಮೆಥನಾಲ್ ಇಲ್ಲ. 2006ರಲ್ಲಿ 10 ಪರ್ಸೆಂಟ್ ಎಥನಾಲ್ ಬೆರೆಸಿದ್ರು, 2007ರಲ್ಲಿ ಪೂರ್ತಿ ಎಥನಾಲ್, ಮೈಲೇಜ್ ಜಾಸ್ತಿ ಸಿಗೋದ್ರಿಂದ ಟ್ಯಾಂಕ್ 30 ಗ್ಯಾಲನ್ನಿಂದ 22ಕ್ಕೆ ಇಳಿಸಿದ್ರು. 2012ರಲ್ಲಿ ಇ85, ಅಂದ್ರೆ 85 ಪರ್ಸೆಂಟ್ ಎಥನಾಲ್. 2023ರಿಂದ ಕಬ್ಬಿನ ತ್ಯಾಜ್ಯದಿಂದ ತೆಗೆದ ಎಥನಾಲ್ ಬಳಸಿ ಮಾಡಿದ ಇಂಧನ, ಬ್ರೆಜಿಲಿಂದ ಬರುತ್ತೆ.

ಮದ್ದೂರು ಕಬ್ಬು

ಕಬ್ಬಿನ ತ್ಯಾಜ್ಯದಲ್ಲಿ ಇಂಡಿಕಾರ್ ಓಡುತ್ತಾ?! ನಮ್ಮ ಗದ್ದೇಲಿ ತರಗಿಗೆ ಬೆಂಕಿ ಇಟ್ಟು ಕೂತಿದೀವಿ ಸ್ವಾಮಿ. ಆ ಕಂಪನಿಯೋರಿಗೆ ನಮ್ಮೂರ್ ದಾರಿ ತೋರ್ಸಿ.

ಕುಡ್ಲದ ಹಳೇ ಗಾಡಿ

ಅಮೆರಿಕದ್ದು ಆಯ್ತು, ಯುರೋಪಿಂದು ಯಾರೂ ಹೇಳ್ಲಿಲ್ಲ ಮಾರಾಯ್ರೆ. ಫಾರ್ಮುಲಾ ಒನ್‌ನಲ್ಲೂ ಒಂದು ಕಾಲದಲ್ಲಿ ಇದೇ ಇದ್ದದ್ದು. 1951ರ ಆಲ್ಫಾ ರೋಮಿಯೋ 159 ಅಂತ ಒಂದು ಕಾರು ಉಂಟು, ಬರೀ 1.5 ಲೀಟರ್, ಸಾಲಾಗಿ ಎಂಟು ಸಿಲಿಂಡರ್, ಸೂಪರ್‌ಚಾರ್ಜರ್, 420 ಎಚ್‌ಪಿ ಮೇಲೆ. ಆ ಕಾಲದಲ್ಲಿ ಆ ಲೋಹ ಇಟ್ಕೊಂಡು ಅಷ್ಟು ಬೂಸ್ಟ್ ಹಾಕಿ ಇಂಜಿನ್ ಕರಗದೆ ಉಳಿದದ್ದು ಹೇಗೆ ಅಂದ್ರೆ, ಮೆಥನಾಲ್ ಸುರಿದು ಸುರಿದು. ಅರ್ಧ ಉರಿಯಲಿಕ್ಕೆ, ಅರ್ಧ ತಣ್ಣಗೆ ಇಡ್ಲಿಕ್ಕೆ. ಲೀಟರಿಗೆ ಅರ್ಧ ಕಿಲೋಮೀಟರ್ ಆಸುಪಾಸು ಹೋಗ್ತಿತ್ತು ಅಷ್ಟೆ, ನಮ್ಮ ಘಾಟಿ ಹತ್ತುವ ಲಾರಿಯೂ ಇದಕ್ಕಿಂತ ವಾಸಿ.

ಅದೇ ಅದಕ್ಕೆ ಮುಳುವಾದದ್ದು. ಫೆರಾರಿಯವರು 4.5 ಲೀಟರ್, ಸೂಪರ್‌ಚಾರ್ಜರ್ ಇಲ್ಲದ ಇಂಜಿನ್ ಮಾಡಿದ್ರು, ಪವರ್ ಸ್ವಲ್ಪ ಕಮ್ಮಿ, ಕುಡಿಯೋದು ತುಂಬ ಕಮ್ಮಿ. 1951 ಜುಲೈ 14, ಸಿಲ್ವರ್‌ಸ್ಟೋನ್, ಗೊಂಜಾಲೆಜ್ ಫೆರಾರಿಯಲ್ಲಿ ಫ್ಯಾಂಜಿಯೋನ ಆಲ್ಫಾವನ್ನು ಹಿಂದೆ ಹಾಕಿ ಗೆದ್ದ. ವಿಶ್ವ ಚಾಂಪಿಯನ್‌ಶಿಪ್ ಗ್ರ್ಯಾನ್ ಪ್ರೀಯಲ್ಲಿ ಫೆರಾರಿಗೆ ಮೊದಲ ಗೆಲುವು. ಆ ವರ್ಷದ ಚಾಂಪಿಯನ್‌ಶಿಪ್ ಫ್ಯಾಂಜಿಯೋನೇ ಗೆದ್ದದ್ದು ಹೌದು, ಆದ್ರೆ ವರ್ಷ ಮುಗಿದ ಮೇಲೆ ಆಲ್ಫಾದವರು ಗಂಟುಮೂಟೆ ಕಟ್ಟಿದ್ರು.

ಮತ್ತೆ 1958ರಲ್ಲಿ ಆಲ್ಕೋಹಾಲೇ ಬಂದ್, ಏರೋಪ್ಲೇನಿನ ಪೆಟ್ರೋಲ್ ಕಡ್ಡಾಯ ಅಂತ ಬಂತು. ವಾನ್‌ವಾಲ್ ಟೀಮಿನವರು ಆಲ್ಕೋಹಾಲ್ ಮೇಲೆ ಟ್ಯೂನ್ ಮಾಡಿದ ಇಂಜಿನ್ ಇಟ್ಕೊಂಡು ತಲೆ ಕೆಡಿಸ್ಕೊಂಡ್ರು, ಒಳಗೆ ತಣ್ಣಗಿಡುವವ ಇಲ್ಲ ಅಲ್ವಾ ಈಗ. ಆದ್ರೂ ಆ ವರ್ಷದ ಕನ್‌ಸ್ಟ್ರಕ್ಟರ್ಸ್ ಕಪ್ ಅವರೇ ಹೊಡೆದ್ರು. ನನಗೆ ಇದ್ರಲ್ಲಿ ಮಜಾ ಅನ್ನಿಸುವುದು ಬೇರೆ ವಿಷಯ. ಆಲ್ಕೋಹಾಲ್ ಹೋಯ್ತು, ರೇಸಿನ ಉದ್ದವೂ ಕಮ್ಮಿ ಮಾಡಿದ್ರು, ಹಾಗಾಗಿ ದೊಡ್ಡ ದೊಡ್ಡ ಟ್ಯಾಂಕ್ ಬೇಡ ಆಯ್ತು, ಇಂಜಿನ್ ಹಿಂದೆ ಇಟ್ಟ ಪುಟಾಣಿ ಕೂಪರ್ ಕಾರಿಗೆ ಜಾಗ ಸಿಕ್ತು. ಅದೇ ವರ್ಷ ಅರ್ಜೆಂಟೀನಾದಲ್ಲಿ ಸ್ಟರ್ಲಿಂಗ್ ಮಾಸ್ ಕೂಪರಲ್ಲಿ ಗೆದ್ದ. ಇವತ್ತಿನ ಎಲ್ಲ ಎಫ್1 ಕಾರಿಗೆ ಇಂಜಿನ್ ಹಿಂದೆ ಇದ್ದದ್ದಕ್ಕೆ ಇಂಧನದ ರೂಲ್ಸೂ ಒಂದು ಕಾರಣ ಅಂತ ನಾನು ವಾದ ಮಾಡ್ತೇನೆ, ಯಾರು ಬೇಕಾದ್ರೂ ಬನ್ನಿ.

ಗ್ಲೋ ಪ್ಲಗ್

ಹರಳೆಣ್ಣೆ ಅಂದಿದ್ದಕ್ಕೆ ಬಂದೆ. ಏರೋಮಾಡಲಿಂಗ್ (ಪುಟ್ಟ ಮಾಡೆಲ್ ವಿಮಾನ ಹಾರಿಸೋದು) ಮಾಡೋರಿಗೆಲ್ಲ ಈ ಮಿಕ್ಸ್ ಪರಿಚಯ: ಮೆಥನಾಲ್, ಹರಳೆಣ್ಣೆ, ಸ್ವಲ್ಪ ನೈಟ್ರೋಮೀಥೇನ್. ಎನ್‌ಸಿಸಿ ಏರ್ ವಿಂಗಲ್ಲಿ ಇದ್ದೋರಿಗೆ ಆ ವಾಸನೆ ಮರೆಯಲ್ಲ. ಸ್ಪಾರ್ಕ್ ಇಲ್ಲ ಆ ಪುಟ್ಟ ಇಂಜಿನಲ್ಲಿ, ಗ್ಲೋ ಪ್ಲಗ್ಗಿನ ಪ್ಲ್ಯಾಟಿನಂ ತಂತಿ ಮೆಥನಾಲ್ ಆವಿ ತಾಗಿ ತಾನೇ ಕಾದಿರುತ್ತೆ. ಹಾರಿಸಿ ಮುಗಿದ ಮೇಲೆ ಒಳಗೆ ಎಣ್ಣೆ ಬಿಡದೆ ಇಟ್ರೆ ಬೇರಿಂಗ್ ತುಕ್ಕು ಗ್ಯಾರಂಟಿ, ಮೆಥನಾಲ್ ಗಾಳಿಯಿಂದ ನೀರು ಎಳ್ಕೊಳ್ಳುತ್ತೆ.

ಹುಬ್ಬಳ್ಳಿ ಕಾರ್ಬುರೇಟರ್

ಬರೋಬರಿ ಹೇಳಿದ್ರಿ. ಅದ ನೀರಿನ ಕಾಟದಿಂದ ಕಾರ್ಬುರೇಟರ್ ಒಳಗ ಬಿಳಿ ಪುಡಿ ಕಟ್ಟತೈತಿ, ಝಿಂಕು ಅಲ್ಯೂಮಿನಿಯಮ್ ಎರಡನ್ನೂ ತಿಂತೈತಿ. ರೇಸ್ ಮುಗದ್ ಮ್ಯಾಲ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ಹಾಕಿ ಸ್ವಲ್ಪ ಹೊತ್ತು ಓಡ್ಸಿ ನಿಲ್ಲಸ್ಬೇಕು, ದಿನಾಲೂ. ಹಂಗ ಮಾಡೂಮುಂದ ಎಣ್ಣಿದೂ ನೋಡ್ಕೋಬೇಕು, ಪೆಟ್ರೋಲಿಗೆ ಪೆಟ್ರೋಲಿನ 2ಟಿ. ರಬ್ಬರ್ ಪೈಪು ಉಬ್ಬತಾವು, ಹಳೇ ಟ್ಯಾಂಕಿನ ಒಳಗ ಹಚ್ಚಿದ ಲೇಪ ಕಿತ್ತು ಬಂದು ಜೆಟ್ ಮುಚ್ಚತೈತಿ.

ವಾರ್ಡ್ ನಂಬರ್ 7

ನಾನು ಆಸ್ಪತ್ರೇಲಿ ಕೆಲ್ಸ ಮಾಡೋನು, ಇಂಜಿನ್ ಗೊತ್ತಿಲ್ಲ. ಮೆಥನಾಲ್ ಗೊತ್ತು. ಇಷ್ಟು ಜನ ಬರೆದಿದ್ರಲ್ಲಿ ಒಬ್ರೂ ಇದು ವಿಷ ಅಂತ ಹೇಳ್ಲಿಲ್ಲ ಅದಕ್ಕೇ ಬರೀತಿದೀನಿ. 1981ರಲ್ಲಿ ಬೆಂಗಳೂರಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ರಲ್ಲ, ಅದ್ರಲ್ಲಿದ್ದಿದ್ದು ಇದೇ ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಸಿಡ್ ಆಗಿ ಮೊದ್ಲು ಕಣ್ಣಿನ ನರಕ್ಕೆ ಹೊಡೆಯುತ್ತೆ. ಎರಡು ಚಮಚದಷ್ಟು ಹೊಟ್ಟೆಗೆ ಹೋದ್ರೂ ದೃಷ್ಟಿ ಹೋಗಬಹುದು. ಕುಡಿದ ತಕ್ಷಣ ಏನೂ ಗೊತ್ತಾಗಲ್ಲ, ಗಂಟೆಗಟ್ಟಲೆ ಬಿಟ್ಟು ಕಣ್ಣು ಮಂಜಾಗೋಕೆ ಶುರು. ಚರ್ಮದಿಂದಲೂ ಒಳಗೆ ಹೋಗುತ್ತೆ, ಆವಿ ಉಸಿರಾಡಿದ್ರೂ ಹೋಗುತ್ತೆ. ಗ್ಯಾರೇಜಲ್ಲಿ ಬಾಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೀತಾರಲ್ಲ, ಆ ಅಭ್ಯಾಸ ಇರೋರು ಇದನ್ನ ಮುಟ್ಟಲೇಬೇಡಿ. ನೀರಿನ ಬಾಟಲ್, ಕೂಲ್ ಡ್ರಿಂಕ್ಸ್ ಬಾಟಲಲ್ಲಿ ತುಂಬಿಡೋದು ಬೇಡವೇ ಬೇಡ, ನೋಡೋಕೆ ಥೇಟ್ ನೀರು.

ಹಾಸನದ ಟೂಸ್ಟ್ರೋಕ್

ವಾರ್ಡ್ ಸರ್, ಥ್ಯಾಂಕ್ಸ್, ನಮ್ ಹುಡುಗ್ರು ಬಾಯಲ್ಲಿ ಪೈಪ್ ಎಳೆಯೋದು ನಿಜ. ಹುಬ್ಬಳ್ಳಿ ಅಣ್ಣ, ನೀವು ಹೇಳಿದ್ದೆಲ್ಲ ಕೂಡಿಸಿದ್ರೆ ಹೆಡ್ಡು, ಚೇಂಬರ್ರು, ಕಾರ್ಬು, ಕಾಕು, ಎಣ್ಣೆ, ಖರ್ಚು ಗಾಡಿ ರೇಟಿಗೇ ಬರುತ್ತೆ. ಇದೆಲ್ಲ ಮಾಡಿದ್ರೆ ನಿಜವಾಗ್ಲೂ ಎಷ್ಟು ಸಿಗುತ್ತೆ? ಅಥವಾ ಪೆಟ್ರೋಲಲ್ಲೇ ಇದ್ದು ಬೇರೆ ಏನಾದ್ರೂ ಮಾಡ್ಲಾ?

ಹುಬ್ಬಳ್ಳಿ ಕಾರ್ಬುರೇಟರ್

ಎಷ್ಟ್ ಸಿಗ್ತೈತಿ ಅಂತ ಡೈನೋ (ಪವರ್ ಅಳಿಯೋ ಯಂತ್ರ) ಮ್ಯಾಲ ಹಾಕದ ಯಾರ್ ಹೇಳಿದ್ರೂ ನಂಬಬ್ಯಾಡ, ನಾ ಹೇಳಿದ್ರೂ ನಂಬಬ್ಯಾಡ. ಮೆಥನಾಲ್ ತರೋದೂ ಸಸಾರ ಅಲ್ಲ, ವಿಷದ ಪಟ್ಟಿಯಾಗ ಐತಿ, ಲೈಸೆನ್ಸ್ ಇಲ್ಲದ ಕೊಡಂಗಿಲ್ಲ, ಕದ್ದು ಕೊಡಾವ ಸಿಕ್ಕ ಅಂದ್ರ ಅದರಾಗ ನೀರು ಎಷ್ಟ್ ಬೆರಸ್ಯಾನೋ ದೇವ್ರಿಗೇ ಗೊತ್ತು. ಮತ್ತ ನೀ ಆಡೋ ಡ್ರ್ಯಾಗಿನ ರೂಲ್ ಬುಕ್ಕಿನ್ಯಾಗ ಯಾವ ಇಂಧನಕ್ಕ ಒಪ್ಪಿಗಿ ಐತಿ ಅಂತ ಮೊದ್ಲ ಓದಿ ನೋಡು, ಅಲ್ಲೇ ಮುಗದ್ ಹೋಗ್ಬಹುದು.

ನಿನ್ನ ರೊಕ್ಕ ಪೆಟ್ರೋಲಿನ್ಯಾಗ ಹಾಕು. ಪೋರ್ಟಿಂಗ್ ಮಾಡ್ಸೇನಿ ಅಂದ್ಯಲ್ಲ, ಎಕ್ಸಾಸ್ಟ್ ಪೋರ್ಟ್ ಎಷ್ಟ ಎತ್ತ್ಯಾರ? ಕ್ರ್ಯಾಂಕ್ ತಿರುಗೋ ಕೋನ ಅಳಿಯೋ ಡಿಗ್ರಿ ಚಕ್ರ ಹಚ್ಚಿ ಅಳದೀಯೋ, ಬರೇ ಕಣ್ಣಳತಿಲೇ ಫೈಲ್ ಹೊಡದಾರೋ? ಸ್ಕ್ವಿಶ್ ಗ್ಯಾಪ್ (ಪಿಸ್ಟನ್ ಪೂರಾ ಮ್ಯಾಲ ಬಂದಾಗ ಹೆಡ್ಡಿಗೂ ಅದಕ್ಕೂ ಉಳಿಯೋ ಸಂದಿ) ಎಷ್ಟೈತಿ, ಪ್ಲಗ್ ತೂತಿನ್ಯಾಗ ಸೋಲ್ಡರ್ ತಂತಿ ಇಳಿಸಿ ಕಿಕ್ ಹೊಡದು ನೋಡು. ಈ ಎರಡು ನಂಬರ್ ಇಲ್ಲಿ ಹಾಕು, ಚೇಂಬರಿನ ಅಳತಿ ನಾ ಹಾಕಿ ಕೊಡ್ತೇನಿ.